ಕರೆಯದೇ ಹೋಗುವ ಹಬ್ಬ

ಸರ್ಬಿಯಾದ ನೋವಿ ಸಾದ್‌ನಲ್ಲಿ ದಂಪತಿಗಳ ಆಪ್ತಸಲಹೆಗಾರ್ತಿಯ ಕೋಣೆಯ ಹೊರಗೆ ಸರದಿಗಾಗಿ ಕಾಯುತ್ತಿದ್ದೆ. ಎದುರಿಗೆ ಇನ್ನೊಂದು ಜೋಡಿ.

“ನಿಮ್ಮ ಮನೆದೇವರ ಹಬ್ಬಕ್ಕೆ ನಮ್ಮಮ್ಮನ್ನ ಯಾಕೆ ಕರೀಲಿಲ್ಲ, ನೆಬೋಯ್ಷ? ವರ್ಷದಿಂದ ನನ್ನ ಹತ್ರ ಮಾತು ಬಿಟ್ಟಿದ್ದಾಳೆ.”

“ಆ ಹಬ್ಬಕ್ಕೆ ಯಾರನ್ನೂ ಕರೆಯಲ್ಲ, ತಿಹಾನ. ನಮ್ಮೋರು ತಾವಾಗೇ ಬರ್ತಾರೆ. ಕರೆದ್ರೆ ಹೊರಗಿನೋರು ಅಂದ ಹಾಗೆ.”

“ಅಮ್ಮ ಕರೀದೆ ಪಕ್ಕದ ಮನೆಗೂ ಹೋಗೋಳಲ್ಲ.”

“ಅವರಿಗೂ ತಟ್ಟೆ ಇಟ್ಟು ಕಾದಿದ್ದೆ ಮಾರಾಯ್ತಿ.”

“ಆ ತಟ್ಟೆ ಝಾಗ್ರೆಬ್‌ನಲ್ಲಿರೋ ಅಮ್ಮಂಗೆ ಕಾಣುತ್ತಾ?”



“ನಾನೇ ಫೋನ್ ಮಾಡ್ತೀನಿ.”

“ಏನಂತ?”

“ಅತ್ತೆ, ಹತ್ತೊಂಬತ್ತಕ್ಕೆ ನಮ್ಮ ಮನೆದೇವರು ಸಂತ ನಿಕೋಲನ ಹಬ್ಬ. ಮೀನಿನ ಸಾರು ಇರುತ್ತೆ. ಆದ್ರೆ ನಿಮ್ಮನ್ನ ಕರೀತಿಲ್ಲ, ನೀವು ನಮ್ಮೋರಲ್ವಾ ಅಂತ.”

ಅವಳು ನಗು ತಡೆದುಕೊಂಡು ತನ್ನ ಫೋನನ್ನೇ ಅವನ ಕೈಗಿಟ್ಟಳು.

“ಈಗ್ಲೇ ಮಾಡು.”

ಸಲಹೆಗಾರ್ತಿ ಬಾಗಿಲು ತೆರೆಯುವಷ್ಟರಲ್ಲಿ ಇಬ್ಬರೂ ಒಂದೇ ಫೋನಿಗೆ ಕಿವಿಯಾನಿಸಿ ಮೆಟ್ಟಿಲಿಳಿಯುತ್ತಿದ್ದರು.