ಕೂಸು ಉಗುಳಿದ ಮಣ್ಣು

…ಅಲ್ಲಬೇ ಶಾಂತಿ, ಮಣ್ಣು ಅಂದ ಮ್ಯಾಲ ಎಲ್ಲಾ ಒಂದ ಅಂತ ಈಗ ಅಂದ್ಯಲ್ಲ, ಇದ ಮಾತು ನಮ್ಮ ಭಾವನೂ ಅಂದಿದ್ರು. ನಿಮ್ಮಜ್ಜನ ಅಣ್ಣ. ಶಿವನ ಪಾದ ಸೇರಿ ಎಷ್ಟೋ ವರ್ಷ ಆತು, ಸತ್ತವರ ಮ್ಯಾಲ ನಾಲಿಗಿ ಹರಿಬಿಡಬಾರದು, ಪೂಜಿ ಮುಗಿಸಿ ಈಗ ಬಂದು ಕುಂತೀನಿ, ಹಣಿ ಮ್ಯಾಲಿನ ವಿಭೂತಿ ಇನ್ನೂ ಆರಿಲ್ಲ. ಆದ್ರೂ ಇದ್ದದ್ದು ಹೇಳಬೇಕಲ್ಲ. ಅಷ್ಟು ದಡ್ಡ ಮನಷ್ಯಾನ್ನ ಆ ಶಿವ ಯಾವ ಮಣ್ಣಾಗ ಮಾಡಿದ್ದನೋ, ಸೋಸಿರಲಿಲ್ಲ ಅಂತ ಕಾಣತೈತಿ.

ನಿನ್ನ ಕೈಯಾಗಿನ ಆ ಚಹಾದ ಕಪ್ಪು ನೋಡು, ಹೆಂಗ ಮಿಂಚತೈತಿ. ಬೆಣಚುಕಲ್ಲು ಹಿಟ್ಟಿನಂಗ ಬೀಸಿ, ಬೂದಿ ಗೀದಿ ಕಲಸಿ, ಮ್ಯಾಲ ಬಳದು ಸುಟ್ಟಿರ್ತಾರ, ಅದು ಕರಗಿ ಗಾಜಾಗತೈತಿ. ಒಳಗಿನ ಮಣ್ಣು ಎಂಥಾದ್ದು ಅಂತ ಯಾರಿಗೆ ಕಾಣಬೇಕು? ಮುಖಕ್ಕ ಪೌಡರ್ ಬಡಕೊಂಡಂಗ. ನಮ್ಮ ಕೊಡಕ್ಕ ಆ ಸೋಗು ಇರಲಿಲ್ಲ. ಹುರಮಂಜು ನೀರಾಗ ಕಲಸಿ ಒಂದು ಕೈ ಸವರಿದ್ರ ಕೆಂಪು ಬಣ್ಣ, ಮುಗೀತು. ಉಳದದ್ದೆಲ್ಲಾ ಮಣ್ಣಿನ ಗುಣ. ಕೆರಿ ಮಣ್ಣು, ಹಳ್ಳದ ಉಸುಕು, ಜರಡಿ ಹಿಡದ ಬೂದಿ, ಮಣ್ಣು ಹೊರೂ ಕತ್ತಿ ಲದ್ದಿ. ಹ್ಞೂ, ಲದ್ದಿ. ಮೂಗು ಮುಚ್ಚಬ್ಯಾಡ. ಲದ್ದಿ ಒಳಗ ಸುಟ್ಟು ಹೋಗಿ ಸಣ್ಣ ಸಣ್ಣ ತೂತು ಬೀಳ್ತಾವು, ಅದಕ್ಕ ಕೊಡದ ನೀರು ತಂಪಿರತೈತಿ. ನಿಮ್ಮ ಫ್ರಿಜ್ಜಿನ್ಯಾಗ ಬರೂದು ತಂಪೇನು, ಹಲ್ಲು ಜುಮ್ ಅಂತಾವು ಅಷ್ಟ.

ಏನು ಹೇಳಾಕ ಹತ್ತಿದ್ದೆ? ಹ್ಞಾ, ಭಾವ. ಯುದ್ಧದ ಕಾಲ ಅದು. ನಾವಿದ್ದದ್ದು ಯಲಬುರ್ಗಿ ಸೀಮಿಯಾಗಿನ ಒಂದು ಹಳ್ಳಿ, ನಿಜಾಮನ ರಾಜ್ಯ. ಯುದ್ಧ ಎಲ್ಲಿ ನಡದಿತ್ತೋ ನಮಗ ಗೊತ್ತಿಲ್ಲ, ಜ್ವಾಳ ಮಾತ್ರ ನಮ್ಮೂರಿನಿಂದ ಹೋತು. ಲೇವಿ ಅಂತ ಸರ್ಕಾರದವರು ಬಂದ್ರು, ರೈತರು ನೆಲದಾಗ ಕಾಳು ತುಂಬಿಟ್ಟ ಹಗೇವು ತೆಗಿಸಿ ಕಾಳು ಅಳದು ತಗೊಂಡು ಹೋದ್ರು. ರೈತರ ಮನ್ಯಾಗ ಇಲ್ಲಂದ್ರ ಕುಂಬಾರ್ರಿಗೆ ಎಲ್ಲಿಂದ ಬರಬೇಕು? ನಾವು ವರ್ಷಪೂರ್ತಿ ಗಡಿಗಿ ಕೊಡೂದು, ಅವರು ರಾಶಿ ಮಾಡೂ ಮುಂದ ಆಯ ಅಂತ ಕಾಳು ಕೊಡೂದು, ಇದು ಪದ್ಧತಿ. ಆ ವರ್ಷ ಆಯ ಇಲ್ಲ. ನಿಮ್ಮಜ್ಜ ರೈಲು ಹಳಿ ಕೆಲಸಕ್ಕಂತ ಗದಗ ಕಡೆ ಹೋಗಿದ್ರು. ಮನ್ಯಾಗ ನಾನು, ನಮ್ಮತ್ತಿ, ಭಾವ, ಮತ್ತ ನನ್ನ ಮಗಳು ಗಂಗಿ, ನಿಮ್ಮ ದೊಡ್ಡವ್ವ, ಆಗಿನ್ನೂ ಎರಡು ವರ್ಷದ ಕೂಸು. ಭಾವನ ಹೆಂಡ್ತಿ ಮೊದಲ ತೀರಿಕೊಂಡಿದ್ರು, ಪುಣ್ಯವಂತಿ. ಕೂಸು ಹಸಿವಿಗೆ ಮಣ್ಣು ತಿನ್ನಾಕ ಹತ್ತಿತ್ತು. ಕದ್ದು ಅಲ್ಲ, ನನ್ನ ಕಣ್ಣ ಮುಂದ. ನಾ ಕೆರಿ ಮಣ್ಣು ತುಳಿಯೂ ಮುಂದ ಬಾಜೂಕ ಕುಂತು, ಸಣ್ಣ ಉಂಡಿ ಮಾಡಿ ಬಾಯಾಗ ಇಟಗೊಂಡು, ಬೆಣ್ಣಿ ತಿಂದಂಗ ತಿಂತಿತ್ತು. ಬೈದೆ, ಬಡದೆ, ಕಡೀಕ ಬಿಟ್ಟೆ. ಯಾಕ ಬಿಟ್ಟೆ ಅಂದ್ರ ಬ್ಯಾರೆ ಕೊಡಾಕ ಏನಿತ್ತು?

ಅಂಥಾದ್ರಾಗ ಶಿವ ಕಣ್ಣು ತೆರದ. ಕೊಪ್ಪಳದ ಒಬ್ಬ ಸಾಹುಕಾರ ಹಿಟ್ನಾಳದ ದಾರಿ ಮ್ಯಾಲ ಬ್ಯಾಸಗಿಗೆ ಅರವಟ್ಟಿಗಿ ಇಡ್ತೀನಿ, ಹಾದು ಹೋಗವರಿಗೆ ನೀರು ಕುಡಸ್ತೀನಿ, ಒಂದು ಆವಿಗಿ ತುಂಬ ಕೊಡ ಸುಟ್ಟು ಕೊಡ್ರಿ, ಮಳಿಗಾಲದ ತನಕ ಉಣ್ಣೂವಷ್ಟು ಜ್ವಾಳ ಕೊಡ್ತೀನಿ ಅಂತ ಹೇಳಿ ಕಳಿಸಿದ. ಪ್ರತಿ ಕೊಡದ ಮ್ಯಾಲ ತನ್ನ ಹೆಸರು ಗೀರಿರಬೇಕಂತ! ಬಾಯಿ ಆರಿದವರು ನೀರು ಕುಡೀತಾರೋ, ಹೆಸರು ಓದ್ತಾರೋ? ಇರ್ಲಿ, ಅವನ ಪುಣ್ಯ ಅವನಿಗೆ, ನಮಗ ಜ್ವಾಳ ಅಂದೆ.

ಈಗ ಭಾವನ ಕೆಲಸ ಕೇಳ್ರಿ. ಛಲೋ ಮಣ್ಣು ಇದ್ದದ್ದು ಕೆರ್ಯಾಗ, ಕೆರಿ ಊರಿಂದ ಒಂದು ಹರದಾರಿ. ಭಾವನ ಕಾಲಿಗೆ ಅಷ್ಟು ದೂರ ಬ್ಯಾಡಾಗಿತ್ತು. ಮನಿ ಹಿಂದಿನ ಎರಿ ಹೊಲದ ಬದುವಿನ್ಯಾಗ ಅಗದು, ಕತ್ತಿ ಮ್ಯಾಲ ಹೇರಿಕೊಂಡು ಬಂದು ಅಂಗಳದಾಗ ಸುರುವಿದ್ರು. “ಅದೂ ಕರಿ, ಇದೂ ಕರಿ, ಮಣ್ಣು ಅಂದ್ರ ಮಣ್ಣು” ಅಂದ್ರು. ಯಾರಿಗಂದ್ರು? ಕತ್ತಿಗೆ. ನಗಬ್ಯಾಡ್ರಿ. ನಮ್ಮ ಮನ್ಯಾಗ ಭಾವ ತಮ್ಮನ ಹೆಂಡ್ತಿ ಜೋಡಿ ಮಾತಾಡಬಾರದು, ಆಕಿನೂ ಭಾವನ ಮುಂದ ಬಾಯಿ ತೆರಿಬಾರದು. ಏನರ ಹೇಳೂದಿದ್ರ ಮಂದಿ ಗ್ವಾಡಿಗೆ ಹೇಳ್ತಾರ, ಕಂಬಕ್ಕ ಹೇಳ್ತಾರ, ನಾವು ಕತ್ತಿಗೆ ಹೇಳ್ತಿದ್ವಿ. ಅತ್ತಿ ಕಡಿಂದ ಹೇಳಸಬಹುದಿತ್ತು, ಆದ್ರ ಅತ್ತಿಗೆ ಕಿವಿ ಪೂರಾ ಮಂದ, ಅವರಿಗೆ ಒಂದು ಮಾತು ಹೇಳಬೇಕಂದ್ರ ಮೂರು ಓಣಿಗೆ ಕೇಳ್ತಿತ್ತು.

ಆ ಮಣ್ಣು ನೆನಿಹಾಕಿ ತುಳಿಯಾಕ ಹತ್ತಿದೆ. ಗಂಗಿ ಬಂದ್ಲು, ಒಂದು ಉಂಡಿ ಬಾಯಾಗ ಇಟ್ಲು, ಥೂ ಅಂತ ಉಗುಳಿದ್ಲು. ನನ್ನ ಕಾಲು ಅಲ್ಲೇ ನಿಂತ್ವು. ಹಸಿದ ಕೂಸು, ದಿನಾ ಮಣ್ಣು ನುಂಗೂ ಕೂಸು, ಇದನ್ನ ಯಾಕ ಉಗುಳ್ತು? ಉಗುಳಿದ್ದನ್ನ ಅಂಗೈಯಾಗ ತಗೊಂಡು ತಿಕ್ಕಿದೆ. ಸಣ್ಣ ಸಣ್ಣ ಬಿಳಿ ಹರಳು. ಒಳಗ ಹೋಗಿ ಕಡ್ಲಿ ಹುಳಿ ಬಾಟ್ಲಿ ತಂದೆ. ಕಡ್ಲಿ ಹುಳಿ ಗೊತ್ತಿಲ್ಲೇನು ನಿಮಗ? ಚಳಿಗಾಲದಾಗ ಕಡ್ಲಿ ಗಿಡದ ಮ್ಯಾಲ ಬಟ್ಟಿ ಹಾಸಿ, ಇಬ್ಬನಿಗೆ ನೆನೆದ ಮ್ಯಾಲ ಮುಂಜಾನಿ ಹಿಂಡಿ ಇಡ್ತಿದ್ವಿ, ಹೊಟ್ಟಿನೋವಿಗೆ ಔಷಧ. ನಮ್ಮವ್ವ ಅದರಿಂದ ಮಣ್ಣನೂ ನೋಡ್ತಿದ್ಲು. ಎರಡು ಹನಿ ಹಾಕಿದೆ, ಹರಳು ಬುರುಬುರು ನೊರಿ ಕಾರ್ತು. ಸುಣ್ಣ! ಸುಣ್ಣದ ಹರಳು ಆವಿಗಿಯಾಗ ಬೆಂದ್ರ ಸುಟ್ಟ ಸುಣ್ಣ ಆಗತೈತಿ. ಗ್ವಾಡಿಗೆ ಬಳಿಯೂ ಸುಣ್ಣಕ್ಕ ನೀರು ಹಾಕಿದ್ರ ಹೆಂಗ ಉಬ್ಬಿ ಕುದೀತೈತಿ, ನೋಡೀರಿಲ್ಲೋ? ಹಂಗ, ಕೊಡದ ಮೈಯಾಗ ಕುಂತ ಹರಳು ಹಸಿಗಾಳಿ ತಾಕಿದ ಮ್ಯಾಲ ಉಬ್ಬತೈತಿ, ಉಬ್ಬಿ ಕೊಡದ ಚಕ್ಕಿ ಎಬ್ಬಸತೈತಿ. ಅವತ್ತ ಅಲ್ಲ, ನಾಕು ದಿನ ಬಿಟ್ಟು. ಅದ ಅದರ ಮೋಸ.

ಸೆರಗು ಮುಖದ ಮ್ಯಾಲ ಎಳಕೊಂಡು ಕತ್ತಿ ಹತ್ರ ಹೋದೆ. “ಯಪ್ಪಾ, ಈ ಮಣ್ಣಾಗ ಸುಣ್ಣದ ಹರಳು ಅದಾವು ಅಂತ ನಿಮ್ಮ ಧಣ್ಯಾರಿಗೆ ಹೇಳಪಾ.” ಭಾವ ಗಡಿಗಿ ಮಾಡೂ ತಿಗರಿ ಮುಂದ ಕುಂತಿದ್ರು, ತಲಿ ಎತ್ತಲಿಲ್ಲ. “ಏ ಕತ್ತಿ, ತಿಗರಿ ಮುಟ್ಟದ ಹೆಂಗಸರಿಗೆ ಮಣ್ಣಿನ ಮಾತು ಯಾಕ ಅಂತ ಕೇಳು.” “ಯಪ್ಪಾ, ಕೂಸು ಉಗುಳೈತಿ ಅಂತ ಹೇಳು.” “ಕೂಸಿಗೆ ರುಚಿ ಹತ್ತಲಿಲ್ಲಂದ್ರ ಬೆಲ್ಲ ಹಾಕಿ ಕಲಸೂಣೇನು ಅಂತ ಕೇಳು!” ಅಂದು, ತಮ್ಮ ಮಾತಿಗೆ ತಾವ ಹೊಟ್ಟಿ ಹಿಡಕೊಂಡು ನಕ್ರು. ಕತ್ತಿ ಕಿವಿ ಆಡಿಸ್ತು. ಖರೇ ಹೇಳ್ತೀನಿ, ನಮ್ಮ ಮೂವರಾಗ ಶಾಣ್ಯಾ ಅಂದ್ರ ಅದೊಂದ.

ನಾನು ಸುಮ್ಮನಾದೆ. ಇದನ್ನ ಕೇಳ್ರಿ, ಸುಮ್ಮನಾದೆ. ಕೈಗೆ ಸಿಕ್ಕಷ್ಟು ಹರಳು ಆರಿಸಿ ಒಗದೆ, ಪೂರಾ ಸೋಸಾಕ ಭಾವ ಬಿಡಲಿಲ್ಲ, ಹೊತ್ತಾಗತೈತಿ ಅಂತ ಕತ್ತಿಗೆ ಹೇಳಿದ್ರು. ನಾ ಹೋಗಿ ದೇವರ ಮುಂದ ಕುಂತು “ಶಿವಾ, ನೀನ ನೋಡ್ಕೋ” ಅಂದೆ. ಅದಕ್ಕ ಭಕ್ತಿ ಅಂತ ತಿಳಕೊಂಡಿದ್ದೆ. ಹುಚ್ಚಿ. ಶಿವ ಏನು ಜರಡಿ ಹಿಡಕೊಂಡು ನಮ್ಮ ಅಂಗಳಕ್ಕ ಬರಬೇಕೇನು?

ಆವಿಗಿ ಬಿಚ್ಚಿದ ದಿನ ಆ ಕೊಡ ನೋಡಬೇಕಿತ್ತು ನೀವು. ಕೆಂಪಂದ್ರ ಕೆಂಪು, ಬಡದ್ರ ಠಣ್ ಅಂತಿದ್ವು. ಭಾವ ಒಂದೊಂದ ಎತ್ತಿ ಓಣಿ ಮಂದಿಗೆ ತೋರಸ್ತಿದ್ರು. “ಕತ್ತಿ, ಸುಣ್ಣ ಎಲ್ಲೈತಿ ಅಂತ ಕೇಳು!” ಐದನೇ ದಿನಕ್ಕ ಸಾಹುಕಾರನ ಬಂಡಿ ಬರೂದಿತ್ತು. ನಮ್ಮವ್ವ ಇಂಥಾದ್ಕ ಒಂದು ಉಪಾಯ ಹೇಳಿದ್ಲು. ಕೊಡ ಇನ್ನೂ ಬೆಚ್ಚಗ ಇರೂ ಮುಂದ ಪೂರಾ ನೀರಾಗ ಮುಳುಗಿಸಿಬಿಡಬೇಕು, ಹರಳು ಒಮ್ಮೆಲೆ ನೀರು ಕುಡದು ಮೆತ್ತಗಾಗತೈತಿ. ದೊಡ್ಡ ಹರಳಿದ್ದ ಕೊಡ ಅಲ್ಲೇ ಒಡೀತಾವು, ಉಳದದ್ದು ಗಟ್ಟಿ ಉಳೀತಾವು. ಭಾವ ಮಂದಿ ಜೋಡಿ ಬಡಾಯಿ ಕೊಚ್ಚಿಕೋತ ಹೊರಗ ಹೋದ್ರು. ನಾ ಮಣ್ಣು ನೆನಿಹಾಕೂ ಕುಣಿ ತೊಳದೆ, ಬಾವಿಯಿಂದ ನೀರು ಹೊತ್ತು ತುಂಬಿದೆ, ಕೊಡ ಇಳಸಾಕ ಹತ್ತಿದೆ. ಮೊದಲನೇದ ಫಟ್ ಅಂತ ಒಡೀತು. ಸಪ್ಪಳಕ್ಕ ಭಾವ ಓಡಿ ಬಂದ್ರು. “ಕತ್ತೀ! ಈಕಿಗೆ ದೆವ್ವ ಬಡದೈತಿ ಅಂತ ಹೇಳು! ಬಣ್ಣ ಕೆಡತೈತಿ ಅಂತ ಹೇಳು! ಜ್ವಾಳ ಹೋತು ಅಂತ ಹೇಳು!” ಕತ್ತಿ ಅಲ್ಲಿ ಇರಲೇ ಇಲ್ಲ, ಮೇಯಾಕ ಹೋಗಿತ್ತು.

ನಾ ಸೆರಗು ಹಿಂದಕ್ಕ ಸರಿಸಿದೆ. ಮದುವಿ ಆಗಿ ಐದು ವರ್ಷ, ಅವರ ಮುಖ ಸರಿಯಾಗಿ ನೋಡಿದ್ದು ಅವತ್ತ. ಮೂಗು ಸೊಟ್ಟ ಇತ್ತು. “ಭಾವಾ,” ಅಂದೆ, “ನೀವು ಅಂಥಾ ದೊಡ್ಡ ಕುಂಬಾರ್ರು ಅಲ್ರಿ. ಒಂದು ಹರದಾರಿ ನಡಿಯಾಕ ಬ್ಯಾಸರ ಮಾಡಿ ನನ್ನ ಕೂಸಿನ ರೊಟ್ಟ್ಯಾಗ ಸುಣ್ಣ ಕಲಸೀರಿ. ಈ ಕೊಡ ಅರವಟ್ಟಿಗಿಯಾಗ ಒಡದ್ರ ಜ್ವಾಳ ಯಾರು ಕೊಡ್ತಾರ? ಒಂದು ಕೊಡ ನೀವ ಇಟಗೋರಿ. ನೀರು ಮುಟ್ಟಸಬ್ಯಾಡ್ರಿ, ಕಟ್ಟಿ ಮ್ಯಾಲ ಇಡ್ರಿ. ಬಂಡಿ ಬರೂತನಕ ಅದು ನೆಟ್ಟಗ ಉಳದ್ರ ಕೂಸು ತಗೊಂಡು ತವರಿಗೆ ಹೋಗ್ತೀನಿ, ಹೊಳ್ಳಿ ಬರಂಗಿಲ್ಲ.” ನಮ್ಮತ್ತಿಗೂ ಕೇಳಿತ್ತು, ಅಷ್ಟು ಜೋರು ಅಂದಿದ್ದೆ. “ಆಕಿ ಹೇಳೂದು ಖರೇ ಐತಿ” ಅಂತ ಮಗನಿಗೆ ಅಂದು, “ನೀ ಮುಳುಗಸಬೇ” ಅಂತ ನನಗ ಅಂದ್ರು ಕುಂತಲ್ಲಿಂದ.

ಭಾವ ಇದ್ದದ್ರಾಗ ಚಂದದ ಕೊಡ ಆರಿಸಿ ಕಟ್ಟಿ ಮ್ಯಾಲ ಇಟ್ರು. ಎರಡು ದಿನ ಏನೂ ಆಗಲಿಲ್ಲ. ಹೋಗೂ ಬರೂ ಮುಂದ ಅದರ ಬಾಜೂಕ ನಿಂತು ಮೀಸಿ ತಿರುವಿದ್ದ ತಿರುವಿದ್ದು. ನಾ ಒಳಗ ಅರಿಬಿ ಗಂಟು ಕಟ್ಟಿ ಇಟ್ಟಿದ್ದೆ, ಸುಳ್ಳ್ಯಾಕ ಹೇಳಲಿ, ತಾಸಿಗೊಮ್ಮೆ ಹಣಿಕಿ ಹಾಕಿ ಆ ಕೊಡ ನೋಡ್ತಿದ್ದೆ. ಮೂರನೇ ದಿನ ಸಂಜಿಗೆ ಅಡ್ಡಮಳಿ ಬಂತು, ಮಳಿ ಅಂದ್ರ ಮಳಿ ಅಲ್ಲ, ನಾಕು ಹನಿ ಬಿದ್ದು ಗಾಳಿ ಥಂಡಿ ಆತು ಅಷ್ಟ. ಮರುದಿನ ಮುಂಜಾನಿ ಭಾವ ಕಟ್ಟಿ ಮ್ಯಾಲ ಕುಂತು ಬೇವಿನ ಕಡ್ಡೀಲೆ ಹಲ್ಲು ತಿಕ್ಕಾಕ ಹತ್ತಿದ್ರು. ಚಟ್ ಅಂತು. ಒಂದು ಚಕ್ಕಿ ಹಾರಿ ಬಿತ್ತು, ಎದ್ದಲ್ಲಿ ಬಿಳಿ ಹಿಟ್ಟು. ಮತ್ತ ಚಟ್. ಯಾರೂ ಮುಟ್ಟಿಲ್ಲ. ಮಧ್ಯಾಹ್ನಕ್ಕ ಕೊಡಕ್ಕ ಸಿಡುಬು ಎದ್ದಂಗ ಆಗಿತ್ತು, ಸಂಜಿಗೆ ತಳ ಬಿಟ್ಟಿತು. ಭಾವ ಹಲ್ಲು ತಿಕ್ಕೂ ಕಡ್ಡಿ ಬಾಯಾಗ ಹಂಗ ಹಿಡಕೊಂಡು ಎಷ್ಟೊತ್ತು ಕುಂತಿದ್ರೋ ಶಿವನಿಗ ಗೊತ್ತು.

ಕುಣಿಯಾಗ ಮುಳುಗಿಸಿದ್ರಾಗ ಅರ್ಧ ಒಡದ್ವು, ಅರ್ಧ ಉಳದ್ವು. ಬಣ್ಣ ಮಾಸಿತ್ತು, ಮೈಮ್ಯಾಲ ಬಿಳಿ ಚುಕ್ಕಿ. ಬಂಡಿ ತಂದ ಆಳುಮನಷ್ಯಾ ಮೂಗು ಮುರದ, “ಏನಬೇ, ಇವಕ್ಕ ತೊನ್ನು ಹತ್ತೈತೇನು?” ಅಂದ, ಆದ್ರೂ ಹೇರಿಕೊಂಡು ಹೋದ. ಬ್ಯಾಸಗಿ ಪೂರ್ತಿ ಅವು ನೀರು ಹಿಡದ್ವು, ಒಂದೂ ಒಡೀಲಿಲ್ಲ. ಜ್ವಾಳನೂ ಅರ್ಧ ಬಂತು. ರೊಟ್ಟಿ ಬಡದು ಗಂಗಿ ಕೈಯಾಗ ಕೊಟ್ಟೆ. ಕೂಸು ಅದನ್ನ ಎರಡೂ ಕೈಲೆ ಹಿಡಕೊಂಡು ತಿಂದದ್ದು ಇನ್ನೂ ಕಣ್ಣಾಗ ಐತಿ. ಆದ್ರ ಅರ್ಧ ಜ್ವಾಳ ಎಷ್ಟು ದಿನ? ಮಳಿ ಬರೂಕಿಂತ ಮೊದಲ ತೀರ್ತು, ತೊಪ್ಪಲ ಕುದಿಸಿಕೊಂಡು ತಿಂದ್ವಿ. ಒಂದಿನ ನೋಡ್ತೀನಿ, ಕೂಸು ಮತ್ತ ಕುಣಿ ದಂಡಿಗೆ ಕುಂತೈತಿ, ಬಾಯಿ ಸುತ್ತ ಮಣ್ಣು.

ಭಾವ ಸಾಯೂತನಕ ನನ್ನ ಜೋಡಿ ಮಾತಾಡಲಿಲ್ಲ. ಮೊದಲೂ ಆಡ್ತಿರಲಿಲ್ಲ, ಹಂಗಾಗಿ ಭಾಳ ಫರಕ ಆಗಲಿಲ್ಲ. ಆದ್ರ ಮುಂದ ಮಣ್ಣು ತಂದಾಗೊಮ್ಮೆ ಒಂದು ಹೆಂಟಿ ಅಡಗಿಮನಿ ಹೊಸ್ತಲದಾಗ ಇಟ್ಟು ಹೋಗ್ತಿದ್ರು. ನಾ ನೋಡಿ ಒಳಗಿಂದ ಬಳಿ ಸಪ್ಪಳ ಮಾಡಿದ ಮ್ಯಾಲ ನೆನಿಹಾಕ್ತಿದ್ರು. ಅಷ್ಟು ಬುದ್ಧಿ ಶಿವ ಕಡೀಕರ ಕೊಟ್ಟ.

ಅವರಿಗೆ ದಡ್ಡ ಅಂತ ಇವತ್ತೂ ಅಂತೀನಿ. ಆದ್ರ ಆ ಒಡದ ಕೊಡದ ತಪ್ಪು ಅವರ ತಲಿ ಮ್ಯಾಲ ಹಾಕಂಗಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ಮರ್ಯಾದಿ ಅಂತ ಕತ್ತಿಗಷ್ಟ ಹೇಳಿ ಬಾಯಿ ಮುಚ್ಚಿಕೊಂಡು ಕುಂತೆ. ತಪ್ಪು ಕಂಡ್ರ ಹಸಿ ಇದ್ದಾಗ ಹೇಳಿಬಿಡ್ರಿ, ಯವ್ವಾ. ಬೆಂದ ಮ್ಯಾಲ ಹೇಳಿದ್ರ ಅರ್ಧ ಉಳೀತೈತಿ, ಅಷ್ಟ. ಏಳ್ರಿ, ಊಟಕ್ಕ ನಡೀರಿ.