ಐದಕ್ಕೆ ಐದು

ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಕಾಫಿಯ ಆಸೆಗಾದರೂ ಕೊನೆಯವರೆಗೆ ಕೂರಲಿರುವ ಸಭಿಕರೇ,

ನಮ್ಮ ಸಂಶೋಧನಾ ಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರಟಿರುವ ಈ ಮೇಡಂ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕಂತೆ. ನಿರ್ದೇಶಕನಾದ ಮೇಲೆ ಇಂಥ ಕಷ್ಟಗಳೂ ಬರುತ್ತವೆ.

ಬಸ್ ನಿಲ್ದಾಣ ದೊಡ್ಡದಾಗಬೇಕೆಂದು ಒಂದು ಇಡೀ ಗಲ್ಲಿಯನ್ನು ಎಬ್ಬಿಸಿ ಹೊಸ ವಸತಿ ಕಟ್ಟಡಗಳಿಗೆ ಸಾಗಿಸಿದರು. ಅದರಿಂದ ಜನರ ಬದುಕು ಏನಾಯಿತು ಎಂದು ಅಳೆಯುವ ಕೆಲಸ ನಮಗೆ ಬಂತು. ವಿಧಾನ ರೂಪಿಸಿದವನು ನಾನು. ನೀರು ಹೇಗಿದೆ? ಬೆಳಕು ಹೇಗಿದೆ? ನೆಮ್ಮದಿ ಹೇಗಿದೆ? ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಇದಕ್ಕಿಂತ ಸರಳವಾದದ್ದು ಏನಿದೆ?

ಮೇಡಂಗೆ ಇದು ಸಾಲದು. ಮೊದಲು ಜನರ ಜೊತೆ ಕೂರಬೇಕು, ಏನು ಕೇಳಬೇಕೆಂದು ಅವರನ್ನೇ ಕೇಳಬೇಕಂತೆ! ರೋಗಿಯನ್ನು ಕೇಳಿಕೊಂಡು ಔಷಧಿ ಬರೆಯುವ ಡಾಕ್ಟರು ಇದ್ದಾರೆಯೇ? ಹೋದರು, ಆ ಹೊಸ ಕಟ್ಟಡಗಳ ಮೆಟ್ಟಿಲ ಮೇಲೆ ಕೂತರು, ಹರಟೆ ಹೊಡೆದರು. ಕೊನೆಗೆ ನನ್ನ ಪ್ರಶ್ನೆಗಳೇ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನನ್ನ ತಾಯಿಯ ಮನೆಯೂ ಅದೇ ಗಲ್ಲಿಯಲ್ಲಿತ್ತು. ಬಾಗಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಹೋಗಿಬರುವವರ ಬಟ್ಟೆ ಹೊಲಿದು ನನ್ನನ್ನು ಓದಿಸಿದರು. ಈಗ ನಾಲ್ಕನೇ ಮಹಡಿಯಲ್ಲಿದ್ದಾರೆ. ಯಂತ್ರದ ಮೇಲೆ ಟಿ.ವಿ. ಇಟ್ಟಿದ್ದಾರೆ; ನೋಡುವುದಕ್ಕೆ ಎತ್ತರ ಸರಿಯಾಗಿದೆ. ನನ್ನ ವಿದ್ಯಾರ್ಥಿಗಳು ಹೋಗಿ ಕೇಳಿದಾಗ ಅಮ್ಮ ಎಲ್ಲಕ್ಕೂ ಐದಕ್ಕೆ ಐದು ಕೊಟ್ಟರು. ಅದನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿಕೊಂಡಿಲ್ಲ!

ಮೇಡಂ ಮಾತ್ರ ವರದಿಗೆ ಸಹಿ ಹಾಕಲಿಲ್ಲ. ನಿಮ್ಮ ತಾಯಿಯನ್ನು ನೀವೇ ಒಮ್ಮೆ ಕೇಳಿ ಸರ್ ಎಂದರು. ಕೊಬ್ಬು ನೋಡಿ. ಅವರ ಬಾಯಿ ಮುಚ್ಚಿಸಲೆಂದೇ ಹೋಗಿ ಕೇಳಿದೆ. ಅಮ್ಮ ಟಿ.ವಿ. ಸದ್ದು ಕಡಿಮೆ ಮಾಡಿದರು.

"ನಿನ್ ಹುಡುಗ್ರು ಬಂದು ಮಾರ್ಕು ಹಾಕಿ ಅಂದ್ರು. ಮಗನ ಪರೀಕ್ಷೆಗೆ ಯಾವ ತಾಯಿ ಕಮ್ಮಿ ಮಾರ್ಕು ಹಾಕ್ತಾಳೆ? ಇಲ್ಲಿಗೆ ಒಂದು ಗುಂಡಿ ಹಾಕಿಸ್ಕೊಳ್ಳೋಕೂ ಯಾರೂ ಹತ್ತಿ ಬರಲ್ಲ ಕಣೋ."

ಇಂಥದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಅಪವಾದ ಎನ್ನುತ್ತಾರೆ. ಒಂದು ಅಪವಾದಕ್ಕಾಗಿ ವರದಿಯನ್ನು ತಿದ್ದುತ್ತಾರೆಯೇ? ಇದ್ದ ಹಾಗೇ ಕಳಿಸಿದೆ. ಮೇಡಂ ರಾಜೀನಾಮೆ ಕೊಟ್ಟರು.

ಅಮ್ಮ ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನನ್ನ ಭಾಷಣ ಕೇಳಲು ಬಂದರೆಂದುಕೊಂಡೆ. ಅಲ್ಲವಂತೆ. ತೊಡೆಯ ಮೇಲಿನ ಚೀಲದಲ್ಲಿ ಮೇಡಂಗೆಂದು ಹೊಲಿದ ಅಂಗಿ ಇದೆ. ಅದಕ್ಕಾಗಿ ಟಿ.ವಿ.ಯನ್ನು ನೆಲಕ್ಕೆ ಇಳಿಸಿದರಂತೆ.

ನಾನು ತೊಟ್ಟಿರುವುದು ಅಂಗಡಿಯ ಕೋಟು, ಭುಜದ ಹತ್ತಿರ ಬಿಗಿ. ಕೇಳಿದ್ದರೆ ಅಮ್ಮ ಸರಿಮಾಡಿ ಕೊಡುತ್ತಿದ್ದರು. ನಾನು ಕೇಳಲೇ ಇಲ್ಲ.

ಕಿವಿಗೊಟ್ಟವರಿಗೂ ಆಕಳಿಸಿದವರಿಗೂ ವಂದನೆಗಳು. ನಮಸ್ಕಾರ.