ಕೆಂಪು ದಾರ ಕಟ್ಟಿದ ಏಳು ಬದನೆಕಾಯಿ

ಪುಟ್ಟಲಿಂಗಮ್ಮ ಕೋಂ ದೇವಯ್ಯ, 52 ವರ್ಷ, ಯಾದವಗಿರಿಯ ಖಾಸಗಿ ತರಕಾರಿ ತಳಿ ಸಂಶೋಧನಾ ಸಂಸ್ಥೆಯಲ್ಲಿ ತೋಟದ ಸಹಾಯಕಿ, ವಾಸ ನಜರ್‌ಬಾದ್, ಮೈಸೂರು. ನನ್ನ ಮೇಲೆ ಬಂದಿರುವ ಬದನೆಕಾಯಿ ಕಳವಿನ ದೂರಿನ ಬಗ್ಗೆ ಠಾಣೆಯಲ್ಲಿ ಕೇಳಿದ್ದಕ್ಕೆ ಹೇಳಿ ಬರೆಸುವುದೇನೆಂದರೆ:

ಕಾಡುಬದನೆಗೆ ಸೊರಗು ರೋಗ ಬರುವುದಿಲ್ಲ. ಆ ಗುಣದ ಜೀನನ್ನು ಮೈಸೂರು ಬದನೆಗೆ ತರಲು ನಾಲ್ಕು ವರ್ಷದಿಂದ ಅದರ ಸಾವಿರಾರು ಹೂವಿಗೆ ನನ್ನ ಕೈಯಾರೆ ಕಾಡುಬದನೆಯ ಪರಾಗ ಮುಟ್ಟಿಸಿದ್ದೇನೆ. ಹಿಂದಿನವೆಲ್ಲ ಉದುರಿದವು. ಈ ವರ್ಷ ಜನವರಿ 16ರಂದು ಮುಟ್ಟಿಸಿದ್ದರಲ್ಲಿ ಒಂದು, ಫೆಬ್ರವರಿ 19ರಂದು ಮುಟ್ಟಿಸಿದ್ದರಲ್ಲಿ ಆರು, ಒಟ್ಟು ಏಳು ಕಾಯಿ ಕಚ್ಚಿದವು. ಏಳಕ್ಕೂ ಕೆಂಪು ದಾರದಲ್ಲಿ ಚೀಟಿ ಕಟ್ಟಿದ್ದೆ. ದಾರ ಕಟ್ಟಿದ್ದು ಬೀಜಕ್ಕೆ ಬಿಟ್ಟ ಕಾಯಿ, ಹಣ್ಣಾಗುವವರೆಗೆ ಯಾರೂ ಮುಟ್ಟುವಂತಿಲ್ಲ.

ದಿನಾಂಕ 12-3-2025ರಂದು ಬೆಳಿಗ್ಗೆ 11-20ಕ್ಕೆ ನಿರ್ದೇಶಕರಾದ ಡಾ. ಪ್ರಭುಸ್ವಾಮಿಯವರು ನಾಲ್ವರು ಅತಿಥಿಗಳನ್ನು ಕರೆತಂದರು. ಮೂರು ವರ್ಷದಲ್ಲಿ ಅವರು ತೋಟಕ್ಕೆ ಬಂದದ್ದು ಇದು ಎರಡನೇ ಸಲ. ಬೂಟು ಕೊಳೆಯಾಗುತ್ತದೆಂದು ಬದುವಿನ ಮೇಲೇ ನಿಂತರು. ನನ್ನನ್ನು ಊಟದ ಹಾಲ್‌ನ ಕುರ್ಚಿ ಒರೆಸಲು ಕಳಿಸಿದರು.

1-10ಕ್ಕೆ ವಾಪಸು ಬಂದು ನೋಡಿದರೆ ಏಳೂ ಕಾಯಿ ಇರಲಿಲ್ಲ. ಅಡುಗೆಯ ಸುಮಿತ್ರಮ್ಮನನ್ನು ಕೇಳಿದಾಗ, ಸಾಹೇಬ್ರೇ ಅಂದ್ರು ಕಣಮ್ಮ, ದಾರ ಕಟ್ಟಿರೋವೇ ಒಳ್ಳೇವು, ಕುಯ್ದು ಎಣ್ಣೆಗಾಯಿ ಮಾಡು ಅಂತ, ಒಂದು ಹಳದಿ ತಿರುಗಿತ್ತು, ಗುಂಡಿಗೆ ಬಿಸಾಕ್ಬುಟ್ಟೆ ಎಂಬುದಾಗಿ ತಿಳಿಸಿದಳು.

ಊಟದ ಹಾಲ್‌ಗೆ ಹೋದೆ. ಸಾಹೇಬರು ಬೆರಳು ಚೀಪುತ್ತಾ, ಇದು ನಮ್ಮ ಹೊಸ ತಳಿ, ರುಚಿಯೇ ಬೇರೆ ಎಂದು ಅತಿಥಿಗಳಿಗೆ ಹೇಳುತ್ತಿದ್ದರು. ಕಾಯಿಯ ತಿರುಳು ತಾಯಿ ಗಿಡದ್ದೇ, ಹೊಸದೇನಿದ್ದರೂ ಒಳಗಿನ ಬೀಜದಲ್ಲಿ. ಅವರು ಚಪ್ಪರಿಸಿದ್ದು ಮಾರ್ಕೆಟ್ಟಿನಲ್ಲಿ ಸಿಗುವ ಬದನೆಯ ರುಚಿಯನ್ನೇ. ಇಷ್ಟು ಏಳನೇ ಕ್ಲಾಸು ಓದಿದ ನನಗೆ ಗೊತ್ತಿದೆ. ಸಾಹೇಬರಿಗೆ ಎರಡು ಡಾಕ್ಟರೇಟ್ ಇದೆ. ನನಗೆ ಅಳು ಬರಲಿಲ್ಲ, ಅಸಹ್ಯವಾಯಿತು. ತಿರುಳು, ಬೀಜದ ಈ ಮಾತನ್ನು ಅತಿಥಿಗಳ ಎದುರೇ ಹೇಳಿದೆ. ಈಕೆಗೆ ಬಿಸಿಲು ತಲೆಗೇರಿದೆ ಎಂದು ಸಾಹೇಬರು ನಕ್ಕು ಇನ್ನೊಂದು ಬಡಿಸಿಕೊಂಡರು.

1-35ಕ್ಕೆ ಅಡುಗೆಮನೆಯಿಂದ 15 ಅಡಿ ದೂರದ ಗೊಬ್ಬರದ ಗುಂಡಿಗೆ ಇಳಿದೆ. ಜನವರಿಯ, ಬೀಜ ಬಲಿತ ಆ ಹಳದಿ ಹಣ್ಣು ಸಿಕ್ಕಿತು. ಬಿಸಾಡಿದ ರಭಸಕ್ಕೆ ಒಂದು ಕಡೆ ಒಡೆದಿತ್ತು. ಏಳು ದಾರ, ಏಳು ಚೀಟಿಯೂ ಅಲ್ಲೇ ಇದ್ದವು, ಈಗ ಹಾಜರುಪಡಿಸಿದ್ದೇನೆ. ಸಂಸ್ಥೆಯಲ್ಲಿ ಹಣ್ಣಿಡಲು ನಂಬಿಕೆಯ ಜಾಗ ಕಾಣದೆ ಮನೆಗೆ ಒಯ್ದೆ.

ಏಳನ್ನೂ ನಾನೇ ಕದ್ದೆನೆಂದು ಸಾಹೇಬರು ದೂರು ಕೊಟ್ಟಿದ್ದು, ಸಂಜೆ 5-40ಕ್ಕೆ ಪೊಲೀಸರು ನನ್ನ ಮನೆಯಿಂದ ಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಮಾಡಿ ತಂದರು. ಹಣ್ಣು ಒಯ್ದದ್ದು ನಿಜ. ಉಳಿದ ಆರನ್ನು ಐದು ಜನರ ಹೊಟ್ಟೆಯಿಂದ ಜಪ್ತಿ ಮಾಡಬೇಕು, ಅದಕ್ಕೂ ಈಗ ತಡವಾಗಿದೆ.

ಬರೆದದ್ದನ್ನು ನಾನೇ ಓದಿಕೊಂಡಿದ್ದೇನೆ, ಸುಳ್ಳಿಲ್ಲ. ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು: ಮೇಜಿನ ಮೇಲಿರುವ ಆ ಕವರಿನೊಳಗೆ ಆಗಲೇ ನೀರು ಕಟ್ಟಿದೆ. ಕೋರ್ಟಿಗೆ ಹೋಗುವಷ್ಟರಲ್ಲಿ ಹಣ್ಣು ಕೊಳೆಯುತ್ತದೆ. ನನ್ನನ್ನು ಕಳ್ಳಿ ಎಂದು ಬೇಕಾದರೆ ಬರೆದುಕೊಳ್ಳಿ, ಬೀಜವನ್ನು ಇವತ್ತೇ ತೆಗೆದು ನೆರಳಿನಲ್ಲಿ ಒಣಗಿಸಿ.

ಸ್ಥಳ: ಮೈಸೂರು
ದಿನಾಂಕ: 13-3-2025, ಬೆಳಿಗ್ಗೆ 10-30
ಸಹಿ: ಪುಟ್ಟಲಿಂಗಮ್ಮ